ತಿಳಿಸಿದ ದಿನಾಂಕ

ವಿಶ್ವವಿದ್ಯಾಲಯದ ಸಂಶೋಧನಾ ದಿನದಂದು ಭಾನುಪ್ರಿಯಾಳ ಪೋಸ್ಟರ್‌ಗೆ ಮೊದಲ ಬಹುಮಾನ ಬಂತು. ಎರಡು ವರ್ಷದ ಹಿಂದೆ ನಂದಗುಡಿ ಸುತ್ತಿನ ಹದಿನೆಂಟು ಕೊಳವೆಬಾವಿಗಳ ನೀರು ಪರೀಕ್ಷಿಸಿ ಮಾಡಿದ ಅಧ್ಯಯನ ಅದು. ಆರು ಬಾವಿಗಳಲ್ಲಿ ನೈಟ್ರೇಟ್ ಮಿತಿ ಮೀರಿತ್ತು. ನಕ್ಷೆಯಲ್ಲಿ ಅವಕ್ಕೆ ಕೆಂಪು ಚುಕ್ಕೆ ಇಟ್ಟಿದ್ದಳು.

ಊಟಕ್ಕೆ ಮುಂಚೆ ಅನುದಾನ ಕೊಡುವ ಸಂಸ್ಥೆಯವರು ಹೊಸ ವರದಿ ನಮೂನೆ ಹಂಚಿದರು. ಹಳೆಯದಕ್ಕಿಂತ ಎರಡು ಪುಟ ಹೆಚ್ಚು ಎಂದು ಎಲ್ಲರೂ ಗೊಣಗುತ್ತಿದ್ದರು. ಭಾನುಪ್ರಿಯಾ ಮಾತ್ರ ಹದಿನಾಲ್ಕನೇ ಪ್ರಶ್ನೆಗೆ ಬಂದು ನಿಂತುಬಿಟ್ಟಳು: ‘ಮಾದರಿ ಕೊಟ್ಟವರಿಗೆ ಫಲಿತಾಂಶ ತಿಳಿಸಿದ ದಿನಾಂಕ.’

ಅವಳು ಯಾರಿಗೂ ತಿಳಿಸಿರಲಿಲ್ಲ. ಲೇಖನ ಬರೆದಿದ್ದಳು, ಎರಡು ಸಮ್ಮೇಳನಗಳಲ್ಲಿ ಮಾತಾಡಿದ್ದಳು. ಆ ಮನೆಗಳಿಗೆ ಹೋಗಿ ಹೇಳಬೇಕೆಂದು ಹೊಳೆದೇ ಇರಲಿಲ್ಲ.

“ಯಾವುದಾದ್ರೂ ಡೇಟ್ ಹಾಕಮ್ಮ, ಯಾರು ಹೋಗಿ ಕೇಳ್ತಾರೆ?” ಎಂದರು ಮಾರ್ಗದರ್ಶಕ ಜಯಕುಮಾರ್.

ಅವಳು ಊಟ ಬಿಟ್ಟು ಸ್ಕೂಟರ್ ಹತ್ತಿದಳು.

ಕೆಂಪು ಚುಕ್ಕೆಯ ಆರು ಮನೆಗಳಲ್ಲಿ ಮೊದಲು ಸಿಕ್ಕಿದ್ದು ಕದಿರಮ್ಮನದು. ಮುದುಕಿ ಗುರುತು ಹಿಡಿದಳು. “ನಮ್ ಬೋರ್ ನೀರು ತುಂಬ್ಕೊಂಡೋದ ಹುಡ್ಗಿ ಅಲ್ವೇನವ್ವಾ? ಬಾ ಒಳಕ್ಕೆ, ಮೊಮ್ಮಗ ಹುಟ್ಟವ್ನೆ, ನೋಡೀವಂತೆ.”

ಒಳಗೆ ಸೊಸೆ ಹರ್ಷಿತ ಬಾಟಲಿಗೆ ನೀರು ಸುರಿದು ಹಾಲಿನ ಪುಡಿ ಕಲಕುತ್ತಿದ್ದಳು. ಮಡಿಲಲ್ಲಿ ಎರಡು ತಿಂಗಳ ಕೂಸು. ಅದರ ತುಟಿ ನೇರಳೆ ಹಣ್ಣು ತಿಂದ ಹಾಗೆ ನೀಲಿಗಟ್ಟಿತ್ತು. ನೈಟ್ರೇಟ್ ಹೆಚ್ಚಾದ ನೀರು ಎಳೆ ಕೂಸುಗಳ ಮೈಯನ್ನು ನೀಲಿಗಟ್ಟಿಸುತ್ತದೆ ಎಂದು ಭಾನುಪ್ರಿಯಾ ತನ್ನ ಲೇಖನದಲ್ಲೇ ಬರೆದಿದ್ದಳು.

“ಆ ಬಾಟ್ಲಿ ಕೊಡ್ಬೇಡಿ!” ಎಂದು ಕಿರುಚಿದಳು.

ಹರ್ಷಿತ ಬೆಚ್ಚಿದಳು. “ಕಾಯ್ಸಿ ಆರ್ಸಿದ ನೀರೇ ಮೇಡಂ.”

“ಕಾಯ್ಸಿದ್ರೂ ನೈಟ್ರೇಟ್ ಹೋಗಲ್ಲ. ಆಸ್ಪತ್ರೆಗೆ ಹೋಗೋಣ, ಈಗ್ಲೇ.”

ಪಕ್ಕದ ಮನೆಯವರ ಆಟೋದಲ್ಲಿ ಹೊಸಕೋಟೆಗೆ ಓಡಿದರು. ವೈದ್ಯರು ಆಮ್ಲಜನಕ ಕೊಟ್ಟು ಇಂಜೆಕ್ಷನ್ ಹಾಕಿದರು. “ನೀರಿಂದಲೇ ಆಗಿರೋದು. ಇನ್ನೂ ಸ್ವಲ್ಪ ತಡವಾಗಿದ್ರೆ ಕಷ್ಟವಿತ್ತು,” ಎಂದರು. ಸಂಜೆಯಷ್ಟರಲ್ಲಿ ತುಟಿಗೆ ಕೆಂಪು ಮರಳಿತು.

ಬೆಂಚಿನ ಮೇಲೆ ಕೂತಿದ್ದ ಕದಿರಮ್ಮ ಕೇಳಿದಳು: “ನೀರು ಸರಿಯಿಲ್ಲ ಅಂತ ನಿಂಗೆ ಯಾವಾಗ ಗೊತ್ತಾಯ್ತವ್ವ?”

“ಎರಡು ವರ್ಷ ಆಯ್ತು ಅಜ್ಜಿ.”

ಮುದುಕಿ ಅವಳತ್ತ ತಿರುಗಿ ಅಂದಳು: “ಒಂದು ಪೋನ್ ಮಾಡಕ್ಕಾಗ್ನಿಲ್ವಾ? ನನ್ ನಂಬರು ನೀನೇ ಬರ್ಕೊಂಡೋಗಿದ್ದೆ.”

ನಂಬರುಗಳೆಲ್ಲ ಭಾನುಪ್ರಿಯಾಳ ಫೋನಿನಲ್ಲೇ ಇದ್ದವು. ಉಳಿದ ಐದು ಮನೆಗಳಿಗೂ ಅಲ್ಲಿಂದಲೇ ಕರೆ ಮಾಡಿದಳು. ವರದಿಯಲ್ಲಿ ಅವತ್ತಿನ ದಿನಾಂಕವನ್ನೇ ಬರೆದಳು. ಅದಕ್ಕೆ ಸಹಿ ಹಾಕಲು ಜಯಕುಮಾರ್ ನಾಲ್ಕು ದಿನ ತೆಗೆದುಕೊಂಡರು.

ಆ ಸಂಜೆ ಆಸ್ಪತ್ರೆಯಿಂದ ಮಾಡಿದ ಕೊನೆಯ ಕರೆ ಪಿಳ್ಳಪ್ಪನೆಂಬ ರೈತನಿಗೆ. ಎಲ್ಲ ಕೇಳಿಸಿಕೊಂಡು ಆತ ಅಂದ: “ಸರಿ ತಾಯಿ, ಮತ್ತೆ ನಾವು ಯಾವ ನೀರು ಕುಡಿಯಾನ?”

ಮರುದಿನ ಬೆಳಗ್ಗೆ ಅವಳು ಆತನ ಜೊತೆ ಪಂಚಾಯಿತಿ ಕಚೇರಿಯ ಬಾಗಿಲು ತೆರೆಯುವುದನ್ನೇ ಕಾಯುತ್ತಾ ಕೂತಿದ್ದಳು.