ಒಳ್ಳೆಯ ಕಾಲು

ನಮ್ಮ ಡಾಕ್ಟರ ಕೈಗುಣ ದೊಡ್ಡದು ಎಂದು ಊರೆಲ್ಲ ಹೇಳುತ್ತದೆ. ಹಾಗೆ ಹೇಳಿಸುವವಳು ನಾನು. ಆಟಗಾರರ ಹರಿದ ಮಂಡಿಯನ್ನು ಅವರು ಒಂದೂವರೆ ಗಂಟೆಯಲ್ಲಿ ರಿಪೇರಿ ಮಾಡಿ ಕೈಗವಸು ಬಿಚ್ಚಿ ಎಸೆದು ಹೋಗುತ್ತಾರೆ. ಆಮೇಲಿನ ಒಂಬತ್ತು ತಿಂಗಳು ಆ ಮಂಡಿ ನನ್ನ ಪಾಲಿಗೆ. ಮಡಿಸುವುದು, ಚಾಚುವುದು, ನಿಲ್ಲಿಸುವುದು, ನಡೆಸುವುದು, ಓಡಿಸುವುದು, ಅತ್ತರೆ ಗದರಿಸುವುದು ಎಲ್ಲವೂ ಫಿಸಿಯೋಥೆರಪಿಸ್ಟ್ ಎನಿಸಿಕೊಂಡ ನನ್ನ ಕೆಲಸ. ಆಟಗಾರ ಮೈದಾನಕ್ಕೆ ವಾಪಸು ಹೋದರೆ ಡಾಕ್ಟರ ಕೈಗುಣ. ಹೋಗದಿದ್ದರೆ ಅವನು ವ್ಯಾಯಾಮ ಸರಿಯಾಗಿ ಮಾಡಲಿಲ್ಲ. ಹದಿಮೂರು ವರ್ಷದಿಂದ ಈ ಎರಡೂ ಮಾತಿಗೆ ಒಂದೇ ಮುಖ ಇಟ್ಟುಕೊಂಡು ತಲೆಯಾಡಿಸಿದ್ದೇನೆ.

ಕಾಯುವ ಕೋಣೆಯ ಗೋಡೆ ತುಂಬ ಫೋಟೋಗಳು. ಆಪರೇಷನ್ ಆದವರು ಮೊದಲ ಪಂದ್ಯ ಆಡುವ ದಿನ ತೆಗೆದವು. ಹೊಸದಾಗಿ ಬಂದವರು ಕುಂಟುತ್ತಾ ಆ ಗೋಡೆಯ ಮುಂದೆ ನಿಂತು, ಅಲ್ಲಿ ನಗುತ್ತಿರುವವರನ್ನು ನೋಡಿ ಅರ್ಧ ವಾಸಿಯಾಗಿಬಿಡುತ್ತಾರೆ. ಅದರಲ್ಲಿ ಎಷ್ಟು ಜನ ಎರಡನೆಯ ಪಂದ್ಯ ಆಡಿದರು ಎಂದು ಯಾರೂ ಕೇಳುವುದಿಲ್ಲ. ನಮ್ಮಲ್ಲಿ ಒಂದು ಪಂದ್ಯ ಆಡಿದರೆ 'ವಾಪಸಾದರು' ಎಂದು ಲೆಕ್ಕ, ಅಷ್ಟೇ.

ಆ ಪಂದ್ಯ ಆಡಬಹುದೇ ಎಂದು ತೀರ್ಮಾನಿಸಲು ಒಂದು ಪರೀಕ್ಷೆ ಇದೆ. ಕಾರಿಡಾರಿನ ನೆಲಕ್ಕೆ ಅಳತೆಯ ಟೇಪು ಅಂಟಿಸಿದ್ದೇವೆ. ಸೊನ್ನೆಯ ಗೆರೆಯ ಮೇಲೆ ಒಂಟಿ ಕಾಲಲ್ಲಿ ನಿಂತು ಮುಂದಕ್ಕೆ ಹಾರಿ, ಅದೇ ಕಾಲಲ್ಲಿ ಅಲ್ಲಾಡದೆ ನಿಲ್ಲಬೇಕು. ಮೊದಲು ಒಳ್ಳೆಯ ಕಾಲು, ಆಮೇಲೆ ಆಪರೇಷನ್ ಆದ ಕಾಲು. ಒಳ್ಳೆಯ ಕಾಲು ನೂರು ಹಾರಿದರೆ ಇನ್ನೊಂದು ತೊಂಬತ್ತಾದರೂ ಹಾರಬೇಕು. ತೊಂಬತ್ತು ಬಂದರೆ ಫಿಟ್.

ಈ ಪರೀಕ್ಷೆಯಲ್ಲಿ ಒಂದು ತೂತಿದೆ. ಆಪರೇಷನ್ ಆದ ಕಾಲನ್ನು ಮೇಲೆತ್ತಲು ತಿಂಗಳುಗಟ್ಟಲೆ ಬೆವರು ಸುರಿಸಬೇಕು, ಒಳ್ಳೆಯ ಕಾಲನ್ನು ಕೆಳಗಿಳಿಸಲು ಕಾಲು ಗಂಟೆ ಸಾಕು. ಪರೀಕ್ಷೆಗೆ ಮುಂಚೆ ಒಳ್ಳೆಯ ಕಾಲೊಂದರ ಮೇಲೆ ನಲವತ್ತು ಬಸ್ಕಿ ಹೊಡೆಸಿದರೆ ಅದು ದಣಿದು ಕಡಿಮೆ ಹಾರುತ್ತದೆ. ಎರಡೂ ಕಾಲು ಹತ್ತಿರ ಹತ್ತಿರ ಬಂದುಬಿಡುತ್ತವೆ. ಮೋಸ ಮಾಡಿ ಎಂದು ಡಾಕ್ಟರು ಒಂದು ದಿನವೂ ಹೇಳಿದವರಲ್ಲ. "ಮೇಡಂ, ಇವರ ಒಳ್ಳೆ ಕಾಲು ಸ್ವಲ್ಪ ಬೆಚ್ಚಗೆ ಮಾಡಿ" ಎನ್ನುತ್ತಾರೆ. ನಾನು ಬೆಚ್ಚಗೆ ಮಾಡುತ್ತೇನೆ.

ಮಿಡತೆ ನನ್ನ ತಮ್ಮನ ಮಗಳು. ಮೂರು ವರ್ಷದವಳಿದ್ದಾಗ ನಡೆಯುವುದು ಬಿಟ್ಟು ಕುಪ್ಪಳಿಸುತ್ತಿದ್ದಳು, ಹಾಗಾಗಿ ಆ ಹೆಸರು ಇಟ್ಟವಳು ನಾನೇ. ನಾನು ಹೋದಾಗಲೆಲ್ಲ ತಮ್ಮನ ಮನೆಯ ಓಣಿಯಂಥ ನಡುಮನೆಯಲ್ಲಿ ಒಂಟಿ ಕಾಲಲ್ಲಿ ಹಾರಿ ತೋರಿಸಬೇಕು, ನಾನು ಚೀಲದಿಂದ ಟೇಪು ತೆಗೆದು ಅಳೆಯಬೇಕು, ಅಳತೆಯನ್ನು ಬಾಗಿಲ ಹಿಂದೆ ಪೆನ್ಸಿಲ್ಲಿನಲ್ಲಿ ಬರೆಯಬೇಕು. ಅತ್ತೆ ಸೊಸೆಯರ ಆಟ ಅದು. ಹಲ್ಲು ಬಿದ್ದ ವಯಸ್ಸಿನಿಂದ ಹತ್ತೊಂಬತ್ತರವರೆಗೆ ಬಾಗಿಲ ಮೇಲೆ ಅಂಕಿಗಳು ಏಣಿಯಂತೆ ಹತ್ತಿವೆ. ಕೊನೆಯದು, ಬಲಗಾಲು ನೂರ ಅರವತ್ತೆಂಟು ಸೆಂಟಿಮೀಟರು. ಐದು ಟೈಲ್ಸ್ ದಾಟಿ ಆರನೆಯದರ ಮೇಲೆ ಇಳಿದಿದ್ದಳು. ಅಷ್ಟು ಹೊತ್ತಿಗೆ ಅವಳು ವಾಲಿಬಾಲ್ ಆಟಗಾರ್ತಿ, ನೆಟ್ಟಿನ ಮುಂದೆ ಎದ್ದು ಚೆಂಡು ಬಡಿಯುವವಳು. ಅದಾದ ಮೂರು ವಾರಕ್ಕೆ ಎಡ ಮಂಡಿಯ ಲಿಗಮೆಂಟ್ ಹರಿಯಿತು.

"ಅಕ್ಕಾ, ನಿಮ್ಮ ಡಾಕ್ಟ್ರು ನಿಜವಾಗ್ಲೂ ಅಷ್ಟು ಒಳ್ಳೆಯವರಾ?" ಎಂದು ತಮ್ಮ ಫೋನಿನಲ್ಲಿ ಕೇಳಿದ. "ಹೊರಗಿನವರಿಗೆ ಹೇಳೋ ಮಾತು ಬೇಡ. ನನ್ನ ಮಗಳು ಅಂತ ಹೇಳು."

"ಕಣ್ಣು ಮುಚ್ಕೊಂಡು ಕರ್ಕೊಂಡು ಬಾ" ಎಂದೆ. ಪಾಪ, ಹಾಗೇ ಬಂದ.

ಆಪರೇಷನ್ ಚೆನ್ನಾಗಿಯೇ ಆಯಿತು. ಅದರಲ್ಲಿ ನಾನು ಡಾಕ್ಟರಿಗೆ ಹೆಸರಿಡುವುದಿಲ್ಲ. ಮಿಡತೆಯೂ ಹಲ್ಲು ಕಚ್ಚಿ ವ್ಯಾಯಾಮ ಮಾಡಿದಳು. ಎಂಟನೆಯ ತಿಂಗಳಲ್ಲಿ ಯಾರಿಗೂ ಹೇಳದೆ ನಾನು ಒಂದು ಸಲ ಅಳೆದೆ. ನೂರಕ್ಕೆ ಎಪ್ಪತ್ತಮೂರು. ಇನ್ನು ನಾಲ್ಕೈದು ತಿಂಗಳು ಬೇಕು, ಅದು ನನಗೆ ನನ್ನ ಕೈರೇಖೆಯಷ್ಟೇ ಚೆನ್ನಾಗಿ ಗೊತ್ತಿತ್ತು. ಆದರೆ ದೇಶದ ತಂಡದ ಆಯ್ಕೆ ಮುಂದಿನ ತಿಂಗಳೇ. ಅದೇ ಹೊತ್ತಿಗೆ ಕ್ರೀಡಾ ಮಂಡಳಿಯವರು ತಮ್ಮ ಆಟಗಾರರನ್ನೆಲ್ಲ ಯಾವ ಡಾಕ್ಟರ ಹತ್ತಿರ ಕಳಿಸಬೇಕು ಎಂದು ಹುಡುಕುತ್ತಿದ್ದರು. ಯಾರ ಕೈಯಲ್ಲಿ ಎಷ್ಟು ಜನ ಒಂಬತ್ತು ತಿಂಗಳೊಳಗೆ ವಾಪಸಾದರು ಎನ್ನುವುದೇ ಅವರ ತಕ್ಕಡಿ. ಮಂಡಳಿಯ ಅಧಿಕಾರಿಯೊಬ್ಬರು ಪರೀಕ್ಷೆಯನ್ನು ಕಣ್ಣಾರೆ ನೋಡಲು ಬರುವವರಿದ್ದರು.

"ಅವತ್ತು ಯಾರನ್ನ ಹಾರಿಸೋಣ?" ಎಂದರು ಡಾಕ್ಟರು.

"ನಮ್ಮ ಮಿಡತೆ ಇದಾಳಲ್ಲ ಸಾರ್" ಎಂದೆ.

ಬಾಯಿಂದ ಆ ಮಾತು ಜಾರಿತು ಎಂದು ಸುಳ್ಳು ಹೇಳುವುದಿಲ್ಲ. ಮಂಡಳಿ ಒಪ್ಪಿದರೆ ಹೊಸ ಕಟ್ಟಡ, ಅದರಲ್ಲಿ ವ್ಯಾಯಾಮದ ವಿಭಾಗ ಇಡೀ ನನ್ನ ಕೈಗೆ ಎಂದು ಡಾಕ್ಟರು ಆಗಲೇ ಹೇಳಿದ್ದರು. ಹದಿಮೂರು ವರ್ಷ ಮೆಟ್ಟಿಲ ಕೆಳಗಿನ ಮೂಲೆಯಲ್ಲಿ ಮಂಡಿ ತಿಕ್ಕಿದವಳಿಗೆ ಕಿಟಕಿಯಿರುವ ಕೋಣೆ. ಅದರ ಪರದೆಗೆ ಯಾವ ಬಣ್ಣ ಎಂದು ನಾನು ಮನಸ್ಸಿನಲ್ಲೇ ಆರಿಸಿಯೂ ಆಗಿತ್ತು. ನನಗೆ ಅದು ಬೇಕಿತ್ತು. ತುಂಬ ಬೇಕಿತ್ತು.

ಪರೀಕ್ಷೆಯ ದಿನ ಬೆಳಿಗ್ಗೆ ಎಂಟಕ್ಕೇ ಮಗಳನ್ನು ಕರೆದುಕೊಂಡು ತಮ್ಮ ಬಂದ. ಅವನು ಗೋಡೆಯ ಫೋಟೋ ನೋಡುತ್ತ ಹೊರಗೆ ಉಳಿದ. ನಾನು ಅವಳನ್ನು ಒಳಗೆ ಕರೆದು ಬಾಗಿಲು ಹಾಕಿದೆ.

"ಅತ್ತೆ, ನಿಜ ಹೇಳಿ" ಎಂದಳು. "ನನ್ನ ಕಾಲು ರೆಡಿ ಆಗಿದ್ಯಾ? ಇಲ್ಲಾಂದ್ರೆ ಈ ಸಲ ಬಿಟ್ಬಿಡ್ತೀನಿ. ಮುಂದಿನ ವರ್ಷ ಆಯ್ಕೆ ಇದ್ದೇ ಇರುತ್ತೆ. ಅಪ್ಪನಿಗೆ ನೀವು ಹೇಳಿದ್ರೆ ಕೇಳ್ತಾರೆ."

ಅವಳೇ ದಾರಿ ತೆರೆದು ಕೊಟ್ಟಿದ್ದಳು. ಒಂದು 'ಇಲ್ಲ' ಅಂದಿದ್ದರೆ ಮುಗಿಯುತ್ತಿತ್ತು.

"ನೀನು ಯಾವಾಗ ಡಾಕ್ಟರಾದೆ?" ಎಂದೆ. "ನಿನ್ನ ತಲೆಗಿಂತ ನಿನ್ನ ಕಾಲೇ ವಾಸಿ. ಬಾ, ಬಲಗಾಲ ಮೇಲೆ ನಲವತ್ತು ಬಸ್ಕಿ."

"ಬಲಗಾಲು ಯಾಕೆ? ಅದಕ್ಕೇನಾಗಿದೆ?"

"ಬೆಚ್ಚಗಾಗಬೇಡ್ವಾ? ತಕರಾರು ಸಾಕು, ಶುರು ಮಾಡು."

ಗೋಡೆ ಹಿಡಿದು ಹೊಡೆದಳು. ಮೂವತ್ತಕ್ಕೆ ತೊಡೆ ನಡುಗತೊಡಗಿತು. ನಾನು ಎಣಿಸುತ್ತ ಹೋದೆ. ಮುಗಿಸಿ, ಬೆವರು ಒರೆಸಿಕೊಂಡು ನಕ್ಕಳು. "ಹತ್ತು ಜಾಸ್ತಿ ಹೊಡ್ದೆ ಅತ್ತೆ. ನಿಮಗೋಸ್ಕರ."

ಅಧಿಕಾರಿ ಐವತ್ತರ ಆಸುಪಾಸಿನ ಹೆಂಗಸು, ಹಿಂದೆ ಓಟಗಾರ್ತಿಯಂತೆ. ಈಗ ಒಂದು ಪಾದ ಸ್ವಲ್ಪ ಎಳೆದು ಹಾಕುತ್ತಿದ್ದರು. ಡಾಕ್ಟರು ಕುರ್ಚಿ ತರಿಸಿದರೂ ಕೂರದೆ, ಟೇಪಿನ ಪಕ್ಕದಲ್ಲಿ ನೆಲಕ್ಕೇ ಕುಕ್ಕರಗಾಲಲ್ಲಿ ಕುಳಿತರು. ಮಿಡತೆ ಬಲಗಾಲಲ್ಲಿ ಹಾರಿದಳು, ನೂರ ಮೂವತ್ತೊಂದು. ಎಡಗಾಲಲ್ಲಿ ಹಾರಿದಳು, ನೂರ ಹತ್ತೊಂಬತ್ತು. ನಾನು ಲೆಕ್ಕ ಹಾಕಿ ತೋರಿಸಿದೆ. ತೊಂಬತ್ತಕ್ಕಿಂತ ಒಂದು ಕೂದಲು ಮೇಲೆ. ಡಾಕ್ಟರ ಮುಖ ಅರಳಿತು. ಮಿಡತೆ ಸ್ವಲ್ಪ ಆಚೆ ಬೆಂಚಿನ ಮೇಲೆ ಕೂತು ಶೂ ದಾರ ಕಟ್ಟತೊಡಗಿದಳು.

ಆ ಹೆಂಗಸು ಮಾತ್ರ ಬರೆಯಲಿಲ್ಲ. ಟೇಪನ್ನೇ ನೋಡುತ್ತಿದ್ದರು.

"ಈ ಮಟ್ಟದ ವಾಲಿಬಾಲ್ ಹುಡುಗಿ ಒಳ್ಳೆ ಕಾಲಲ್ಲಿ ಇಷ್ಟೇನಾ ಹಾರೋದು?" ಎಂದು ನನ್ನನ್ನು ಕೇಳಿದರು. "ಗಾಯ ಆಗೋ ಮುಂಚಿನ ಅಳತೆ ಏನಾದ್ರೂ ಇದ್ಯಾ ನಿಮ್ಮ ಹತ್ರ?"

ನೂರ ಅರವತ್ತೆಂಟು ನನ್ನ ನಾಲಿಗೆಯ ತುದಿಯಲ್ಲಿತ್ತು. ಡಾಕ್ಟರು ತಮ್ಮ ಪೆನ್ನಿನ ಮುಚ್ಚಳವನ್ನು ಮೊದಲ ಸಲ ನೋಡುವವರ ಹಾಗೆ ನೋಡುತ್ತಿದ್ದರು. ಬಾಗಿಲಲ್ಲಿ ನಿಂತಿದ್ದ ತಮ್ಮ "ಮನೇಲಿ ಅಕ್ಕ..." ಎಂದು ಬಾಯಿ ತೆರೆದ. ನಾನು ಅವನ ಕಡೆ ಒಂದು ನೋಟ ಬೀರಿದೆ. ಚಿಕ್ಕಂದಿನಿಂದ ಆ ನೋಟಕ್ಕೆ ಹೆದರಿದವನು, ಮೇಲಾಗಿ ಮಗಳು ತಂಡಕ್ಕೆ ಸೇರುವುದು ಅವನಿಗೂ ಬೇಕಿತ್ತು. ಮಾತು ಅಲ್ಲಿಗೇ ಬಿಟ್ಟು ಗೋಡೆಯ ಫೋಟೋಗಳ ಕಡೆ ತಿರುಗಿದ.

"ಇಲ್ಲ ಮೇಡಂ, ಮುಂಚಿನ ಅಳತೆ ಇಲ್ಲ" ಎಂದೆ.

"ಹಾಗಾದ್ರೆ ಇರೋದನ್ನೇ ನಂಬಬೇಕು" ಎಂದು ಅವರು ಬರೆದುಕೊಂಡರು.

ಆಯ್ಕೆಯಾಯಿತು. ಮೊದಲ ಪಂದ್ಯಕ್ಕೆ ನಾವೆಲ್ಲ ಹೋಗಿದ್ದೆವು. ಶುರುವಿಗೆ ಮುಂಚೆಯೇ ಡಾಕ್ಟರು ಅವಳ ಹೆಗಲ ಮೇಲೆ ಕೈ ಇಟ್ಟು ಫೋಟೋ ತೆಗೆಸಿಕೊಂಡರು. ಎರಡು ಸೆಟ್ ಅವಳು ಆಡಿದ್ದೇ ಆಟ. ನಾನೂ ಎದ್ದು ನಿಂತು ಚಪ್ಪಾಳೆ ತಟ್ಟಿದೆ. ಆದರೆ ನನ್ನ ಕಣ್ಣು ಚೆಂಡಿನ ಮೇಲಿರಲಿಲ್ಲ, ಅವಳು ಇಳಿಯುವ ರೀತಿಯ ಮೇಲಿತ್ತು. ಶಕ್ತಿ ಸಾಲದ ಕಾಲು ಮೈಗಳ್ಳ ಕೆಲಸಗಾರನಿದ್ದ ಹಾಗೆ, ತನ್ನ ಪಾಲಿನ ಭಾರವನ್ನೂ ಪಕ್ಕದವನ ಮೇಲೆ ಹಾಕುತ್ತದೆ. ಪ್ರತಿ ಸಲವೂ ಅವಳ ಇಡೀ ಮೈ ಬಲಗಾಲ ಮೇಲೆ ಬೀಳುತ್ತಿತ್ತು. ಮೂರನೆಯ ಸೆಟ್ಟಿನಲ್ಲಿ ಎದ್ದಳು, ಬಡಿದಳು, ಇಳಿದಳು. ಒಣ ಕಡ್ಡಿ ಮುರಿದಂಥ ಸದ್ದು. ಎರಡನೆಯ ಸಾಲಿನಲ್ಲಿದ್ದ ನನಗೆ ಕೇಳಿಸಿತೋ, ಕೇಳಿಸಿತು ಅನ್ನಿಸಿತೋ, ಹೇಳಲಾರೆ.

ಅವಳು ಕೂಗಲಿಲ್ಲ. ಬಲ ಮಂಡಿ ಹಿಡಿದುಕೊಂಡು ಸಾಲುಗಳಲ್ಲಿ ನನ್ನನ್ನು ಹುಡುಕಿದಳು. ಏನೂ ಆಗಿಲ್ಲ ಏಳು ಎಂದು ನಾನು ಗದರಿಸಲಿ ಎಂದು ಕಾಯುತ್ತಿದ್ದಳು.

ಒಳಗೆ ಮಲಗಿಸಿದ ಮೇಲೆ ಡಾಕ್ಟರು ಮೊದಲು ಮುಟ್ಟಿದ್ದು ಎಡ ಮಂಡಿಯನ್ನು, ನೋವಿಲ್ಲದ ಮಂಡಿಯನ್ನು! ಎಳೆದು, ತಿರುಗಿಸಿ ನೋಡಿ, "ನನ್ನ ಕಾಲು ಕಲ್ಲಿನ ಹಾಗಿದೆ" ಎಂದರು. ಆಮೇಲೆ ಬಲಗಡೆಗೆ ಬಂದು ಎರಡು ಬೆರಳಲ್ಲಿ ಒತ್ತಿ, "ಇದು ಹೋಗಿದೆ. ಇದು ನಾನು ಮಾಡಿದ್ದಲ್ಲ" ಎಂದರು. ಮಂಡಳಿಯವರಿಗೆ ಹೋದ ಕಾಗದದಲ್ಲೂ ಅಷ್ಟೇ ಇತ್ತು: ಆಪರೇಷನ್ ಆದ ಮಂಡಿ ಗಟ್ಟಿಯಾಗಿದೆ, ಒಂಬತ್ತು ತಿಂಗಳೊಳಗೆ ಆಟಗಾರ್ತಿ ವಾಪಸಾಗಿದ್ದಾಳೆ. ಅದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. ಫೋಟೋ ಗೋಡೆಗೆ ಹೋಯಿತು.

ಹೊರಗೆ ಬೆಂಚಿನ ಮೇಲೆ ತಲೆ ಹಿಡಿದು ತಮ್ಮ ಕೂತಿದ್ದ. ಬಾಗಿಲ ಹಿಂದಿನ ಅಂಕಿಯನ್ನು ನನ್ನ ಮುಖಕ್ಕೆ ಎಸೆಯುತ್ತಾನೆ ಎಂದುಕೊಂಡು ಪಕ್ಕದಲ್ಲಿ ಕೂತೆ. ಎಸೆದಿದ್ದರೆ ನನಗೆ ನೆಮ್ಮದಿಯಾಗುತ್ತಿತ್ತು.

"ಏನೇ ಹೇಳು ಅಕ್ಕಾ" ಎಂದ. "ಡಾಕ್ಟ್ರ ಕೈಗುಣ ಕೈಗುಣಾನೇ. ಅವರು ಮುಟ್ಟಿದ ಕಾಲು ಅಲ್ಲಾಡ್ಲಿಲ್ಲ ನೋಡು. ಇದನ್ನೂ ಅವರ ಕೈಲೇ ಮಾಡ್ಸೋಣ."

"ಮಾಡ್ಸೋಣ" ಎಂದೆ.

ಮಂಡಳಿ ನಮ್ಮನ್ನೇ ಆರಿಸಿತು. ಹೊಸ ಕಟ್ಟಡಕ್ಕೆ ಬಂದೆವು. ನನಗೆ ಎರಡು ಕಿಟಕಿಯ ಕೋಣೆ, ತಿಳಿ ಹಸಿರು ಪರದೆ. ಮಿಡತೆಯ ಎರಡನೆಯ ಮಂಡಿಯ ಒಂಬತ್ತು ತಿಂಗಳು ಅಲ್ಲೇ ಕಳೆಯಿತು. ಈ ಸಲ ಅವಳು ಹಲ್ಲು ಕಚ್ಚಲಿಲ್ಲ, ಅಳಲೂ ಇಲ್ಲ. ಹೇಳಿದಷ್ಟು ಮಾಡಿ, ಗಡಿಯಾರ ನೋಡಿ ಎದ್ದು ಹೋಗುತ್ತಿದ್ದಳು. ಗದರಿಸಲು ನನಗೂ ಬಾಯಿ ಬರುತ್ತಿರಲಿಲ್ಲ.

ಪರೀಕ್ಷೆಯ ದಿನ ಬಂತು. ಹಾರಿಸಲು ಹೊರಟಾಗ ನನಗೆ ತಲೆ ಕೆಟ್ಟಿತು. ಯಾವುದನ್ನು ಒಳ್ಳೆಯ ಕಾಲು ಎಂದು ಹಿಡಿಯುವುದು?

"ಇದರಲ್ಲಿ ಯೋಚನೆ ಮಾಡೋದೇನಿದೆ ಮೇಡಂ?" ಎಂದರು ಡಾಕ್ಟರು. "ಮೊದಲು ಮಾಡಿದ್ದನ್ನ ಒಳ್ಳೆ ಕಾಲು ಅನ್ಕೊಳ್ಳಿ."

ಬಸ್ಕಿ ಬೇಕಾಗಲಿಲ್ಲ. ಎಡಗಾಲಲ್ಲಿ ಹಾರಿದಳು, ತೊಂಬತ್ತಾರು ಸೆಂಟಿಮೀಟರು. ಬಲಗಾಲಲ್ಲಿ ಹಾರಿದಳು, ತೊಂಬತ್ತಾರು. ಎರಡು ಸಲ ಬಗ್ಗಿ ನೋಡಿದೆ. ನೂರಕ್ಕೆ ನೂರು. ಇಷ್ಟು ವರ್ಷದಲ್ಲಿ ನಮ್ಮಲ್ಲಿ ಒಬ್ಬರಿಗೂ ಬಾರದ ಅಂಕಿ.

"ನೂರು!" ಡಾಕ್ಟರು ಚಪ್ಪಾಳೆ ತಟ್ಟಿಬಿಟ್ಟರು. "ಇದನ್ನ ಮಂಡಳಿಗೆ ಇವತ್ತೇ ಕಳಿಸಿ. ಕ್ಯಾಮೆರಾದವನನ್ನ ಕರೀತೀನಿ ಇರಿ" ಎನ್ನುತ್ತ ಮಗುವಿನಂತೆ ಓಡಿದರು.

ಮಿಡತೆ ಹೊಸ ನೆಲವನ್ನು ನೋಡುತ್ತ ನಿಂತಿದ್ದಳು.

"ಮೂರು ಟೈಲ್ಸ್ ಅತ್ತೆ" ಎಂದಳು. "ಮನೇಲಿ ಐದು ದಾಟ್ತಿದ್ದೆ. ನೂರ ಅರವತ್ತೆಂಟು. ನೀವೇ ಬರ್ದಿದ್ರಿ."

ನಾನು ಮೇಜಿನ ಮೇಲೆ ಫಾರಂ ಹುಡುಕತೊಡಗಿದೆ.

"ಅವತ್ತು ಆ ಮೇಡಂ ಕೇಳಿದಾಗ ನಾನು ಅಲ್ಲೇ ಬೆಂಚಿನ ಮೇಲಿದ್ದೆ. ನೀವು ಅಳತೆ ಇಲ್ಲ ಅಂದಾಗ ಪಾಪ, ಅತ್ತೆಗೆ ಮರ್ತುಹೋಗಿದೆ ಅನ್ಕೊಂಡೆ. ನೆನಪಿಸಿದ್ರೆ ಎಲ್ಲರೆದುರು ನಿಮಗೆ ಅವಮಾನ ಆಗುತ್ತೆ ಅಂತ ಸುಮ್ಮನಾದೆ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಬೆಂಚಿನ ಮೇಲೆ ಕೂತು, ಎರಡೂ ಕೈಯಲ್ಲಿ ಒಂದು ಕಾಲನ್ನು ಎತ್ತಿ ಶೂ ಹಾಕಿಕೊಂಡಳು, ಆಮೇಲೆ ಇನ್ನೊಂದನ್ನು ಎತ್ತಿ ಹಾಕಿಕೊಂಡಳು. "ಹಾಗಾದ್ರೆ ನಾನು ಪಾಸಾ?"

"ಪಾಸು" ಎಂದೆ.

"ಸರಿ. ಇನ್ಮೇಲೆ ನನ್ನನ್ನ ಮಿಡತೆ ಅಂತ ಕರೀಬೇಡಿ."

ಕ್ಯಾಮೆರಾದವನು ಬರುವ ಸದ್ದು ಕೇಳಿಸಿತು. ನಾನು ಫಾರಂ ತೆಗೆದು ನೂರು ಎಂದು ಬರೆದೆ. ಕೆಳಗೆ ಸಹಿ ಹಾಕಿದೆ.