ಬೆಣ್ಣೆ ಗಾಡಿ

ಸ್ಟೀರಿಂಗ್ ತಿರುಗಲಿಲ್ಲ. ಲಾಕ್ ಬಿದ್ದಿರಬೇಕು ಅಂದುಕೊಂಡಳು, ಆದರೆ ಎಂಜಿನ್ ಗುರುಗುಡುತ್ತಲೇ ಇತ್ತು. ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ಇನ್ನೊಮ್ಮೆ ಎಡಕ್ಕೆ ಎಳೆದಳು. ಒಂದು ಗೇಣು ಬಂದು ಮತ್ತೆ ನಿಂತಿತು. ಬಲಭುಜದೊಳಗೆ, ಡಾಕ್ಟರು ಹರಿದ ಸ್ನಾಯುವನ್ನು ಹೊಲಿದಿದ್ದ ಜಾಗದಲ್ಲಿ, ಬಿಸಿ ಸೂಜಿ ಆಡಿಸಿದಂತಾಗಿ ಅವಳು ಹಲ್ಲು ಕಚ್ಚಿದಳು.

ಅಂಗಳದಲ್ಲಿ ಸಾಲಾಗಿ ನಿಂತಿದ್ದ ಗಂಡಸರು ಹೋ ಎಂದು ಚಪ್ಪಾಳೆ ತಟ್ಟಿದರು.

"ಲಾಕ್ ಅಲ್ಲ ಕಣೇ!" ಎಂದ ಅವಳ ಗಂಡ. ಕಿಟಕಿಯಿಂದ ಫೋನು ಒಳಗೆ ತೂರಿಸಿ ಅವಳ ಮುಖದ ವಿಡಿಯೊ ತೆಗೆಯುತ್ತಿದ್ದ. "ಪವರ್ ಸ್ಟೀರಿಂಗ್ ಕಿತ್ತುಹಾಕಿದೀವಿ. ಪಂಪು, ಬೆಲ್ಟು, ಪೈಪು, ಎಲ್ಲಾ! ಈಗ ನಿನ್ನ ಕೈಗೂ ರಸ್ತೆಗೂ ಮಧ್ಯ ಯಾರೂ ಇಲ್ಲ. ಹೇಗಿದೆ ಹೇಳು?"

ಕಾರು ಅವಳದು. ಇಬ್ಬರು ಕೂರುವ, ಮೇಲ್ಚಾವಣಿ ಮಡಚುವ, ನಾಲ್ಕು ಜನ ಸೇರಿದರೆ ಪಕ್ಕಕ್ಕೆ ಸರಿಸಬಹುದು ಎನ್ನುವಷ್ಟು ಹಗುರದ ಸ್ಪೋರ್ಟ್ಸ್ ಕಾರು. ಹಲ್ಲಿನ ಸೆಟ್ಟು ತಯಾರಿಸುವ ಲ್ಯಾಬಿನಲ್ಲಿ ವರ್ಷಗಟ್ಟಲೆ ಮೇಣ ಕೆತ್ತಿ, ಪ್ಲಾಸ್ಟರಿನ ಧೂಳು ಕುಡಿದು ತಾನೇ ಕೊಂಡದ್ದು. ಲ್ಯಾಬಿನ ಮೆಟ್ಟಿಲಲ್ಲಿ ಜಾರಿ ಭುಜ ಹೋದಾಗಿನಿಂದ ಅದನ್ನು ಮುಟ್ಟಿರಲಿಲ್ಲ. ಜೋಳಿಗೆಯಲ್ಲಿ ಕೈ ತೂಗುಹಾಕಿಕೊಂಡು ಇಷ್ಟು ದಿನ ಎಲ್ಲಿಗೆ ಹೋಗಬೇಕಿದ್ದರೂ ಗಂಡನ ಬಿಡುವು ನೋಡಬೇಕು, ಮೂಡು ನೋಡಬೇಕು, ದಾರಿಯಲ್ಲಿ ಅವನು ಯಾವುದಾದರೂ ಗೆಳೆಯನ ಶೆಡ್ಡಿಗೆ ನುಗ್ಗಿದರೆ ಹೊರಗೆ ಸೀಟಿನಲ್ಲಿ ಕೂತು ಕಾಯಬೇಕು. ನಾಳೆಯಿಂದ ಕೆಲಸ ಶುರು. ನಾಳೆ ಬೆಳಿಗ್ಗೆ ತನ್ನ ಕಾರಿನಲ್ಲಿ ತಾನೇ ಕೂತು, ಯಾರನ್ನೂ ಕೇಳದೆ ಹೊರಡುತ್ತೇನೆ ಎಂಬುದೊಂದನ್ನೇ ಹಿಡಿದುಕೊಂಡು ಅವಳು ಆ ದಿನಗಳನ್ನೆಲ್ಲ ನೂಕಿದ್ದಳು.

"ಅತ್ತಿಗೆ, ನಿಂತಲ್ಲೇ ತಿರುಗಿಸಬಾರದು," ಎಂದು ಮುಂದೆ ಬಂದ ಉದ್ದಣ್ಣ. ಗಂಡನ ಗೆಳೆಯರಲ್ಲಿ ಅವನೇ ಹಿರಿಯ, ಎತ್ತರವೂ ಅವನದೇ, ಬಾಯಿಯೂ ಅವನದೇ. "ಗಾಡಿ ಒಂಚೂರು ಉರುಳಬೇಕು, ಆಮೇಲೆ ತಿರುಗಿಸಬೇಕು. ಬೆಣ್ಣೆ ಗಾಡಿ ಅಭ್ಯಾಸ ಅಲ್ವಾ ನಿಮಗೆ, ಅದಕ್ಕೇ ಹೀಗೆ."

ಉರುಳಿಸಲು ಜಾಗವೆಲ್ಲಿತ್ತು? ಮುಂದೆ ಗೇಟಿನ ಕಂಬ, ಹಿಂದೆ ಗಂಡನ ದೊಡ್ಡ ಕಾರು. ಅದನ್ನು ಹೇಳಿದರೆ ಇನ್ನೊಂದು ಪಾಠ ಶುರುವಾಗುತ್ತಿತ್ತು.

"ಆಪರೇಷನ್ ಆದ ಕೈಗೆ ಇದಕ್ಕಿಂತ ಒಳ್ಳೇ ವ್ಯಾಯಾಮ ಬೇಕಾ?" ಎಂದ ಇನ್ನೊಬ್ಬ, ಮನೆಯೊಳಗೂ ಟೋಪಿ ತೆಗೆಯದ ಕಾರಣಕ್ಕೆ ಎಲ್ಲರೂ ಟೋಪಿ ಎಂದೇ ಕರೆಯುವವನು. ಅವನ ಗಡ್ಡದಲ್ಲಿ ಬಿಸ್ಕತ್ತಿನ ಪುಡಿ ಕೂತಿತ್ತು. ಎಲ್ಲರೂ ಬಿದ್ದು ಬಿದ್ದು ನಕ್ಕರು.

ಬೆಣ್ಣೆ ಗಾಡಿ ಎಂದರೆ ಈ ಬಳಗದ ಬಾಯಲ್ಲಿ ಪವರ್ ಸ್ಟೀರಿಂಗ್ ಇರುವ ಕಾರು. ಆ ಮಾತನ್ನು ಮೂಗು ಮುರಿಯದೆ ಅವರಲ್ಲಿ ಯಾರೂ ಆಡಿದವರಲ್ಲ. ಭಾನುವಾರ ಬೆಳಗಾದರೆ ಸಾಕು, ಹಗುರದ ಕಾರುಗಳನ್ನು ತಂದು ಈ ಅಂಗಳದಲ್ಲಿ ನಿಲ್ಲಿಸಿ, ಮೂತಿ ತೆರೆದು, ಟೀ ಲೋಟಗಳಲ್ಲಿ ಸಿಗರೇಟು ಆರಿಸುತ್ತ ಮಧ್ಯಾಹ್ನದವರೆಗೆ ಅದೇ ಮಾತು. ಅವರು ಹೇಳುವುದನ್ನು ಕೇಳಿದರೆ ರಸ್ತೆ ತನ್ನ ಸುಖದುಃಖವನ್ನೆಲ್ಲ ಇವರ ಅಂಗೈಗೇ ಹೇಳಿಕೊಳ್ಳುತ್ತದೆ, ನಡುವೆ ಒಂದು ಪಂಪು ಬಂದು ಕೂತರೆ ನಾಚಿಕೊಂಡು ಬಾಯಿ ಮುಚ್ಚುತ್ತದೆ. ಮಿಕ್ಕ ಆರು ದಿನ ಇದೇ ಮಹಾನುಭಾವರು ಆಫೀಸಿಗೆ ಬೆಣ್ಣೆ ಗಾಡಿಗಳಲ್ಲೇ ಹೋಗುತ್ತಾರೆ. ಅದನ್ನು ಮಾತ್ರ ಯಾರೂ ಎತ್ತುವುದಿಲ್ಲ.

ಜಗಲಿಯ ಕುರ್ಚಿಯಿಂದ ಅತ್ತೆ ಕೇಳಿದರು: "ಏನೋ, ತೆಗೆಯೋ ಮುಂಚೆ ಅವಳನ್ನ ಒಂದು ಮಾತು ಕೇಳಿದ್ಯೇನೋ?"

"ಸರ್ಪ್ರೈಸ್ ಅಮ್ಮಾ! ಕೇಳಿ ಕೊಟ್ಟರೆ ಅದೆಂಥ ಸರ್ಪ್ರೈಸು?"

"ಚಿಕ್ಕೋನಿದ್ದಾಗ ನನ್ನ ಹೊಲಿಗೆ ಮೆಷಿನ್ನಿಗೂ ಹೀಗೇ ಸರ್ಪ್ರೈಸ್ ಕೊಟ್ಟಿದ್ದ," ಎಂದು ಅತ್ತೆ ಯಾರಿಗೆಂದಿಲ್ಲದೆ ಹೇಳಿ ಪೇಪರು ಮಡಚಿದರು.

ಗಂಡ ಬಾಗಿಲು ತೆಗೆದು ಅವಳನ್ನು ಕೈಹಿಡಿದು ಇಳಿಸಿದ. ಹಿಡಿದದ್ದು ಬಲಗೈಯನ್ನೇ. "ಬಾ, ತೋರಿಸ್ತೀನಿ" ಎಂದು ಶೆಡ್ಡಿಗೆ ಎಳೆದುಕೊಂಡು ಹೋದ. ಅಲ್ಲಿ ಮೇಜಿನ ಮೇಲೆ, ಅಡಿಗೆಮನೆಯಿಂದ ಹೊತ್ತು ತಂದ ತೂಕದ ಯಂತ್ರದ ಮೇಲೆ, ಬಿಚ್ಚಿದ ಪಂಪು ಕೂತಿತ್ತು. ಅದಕ್ಕೊಂದು ಕೆಂಪು ರಿಬ್ಬನ್ನು. ಕತ್ತರಿಸಿದ ಪೈಪಿನ ಬಾಯಿಂದ ಕಂದುಬಣ್ಣದ ಎಣ್ಣೆ ಇನ್ನೂ ಜಿನುಗುತ್ತ, ಅವಳು ಹಿಟ್ಟು ತೂಗುವ ತಟ್ಟೆಯಲ್ಲಿ ಹರಡಿತ್ತು. ಸುಟ್ಟ ಮೀನಿನಂಥ ಹಳಸಲು ವಾಸನೆ.

"ಇಷ್ಟು ಭಾರ ಕಮ್ಮಿ ಆಯ್ತು ನೋಡು! ಹೊಸ ಸ್ಟೀರಿಂಗೂ ಹಾಕಿಸಿದೀನಿ, ಗಮನಿಸಿದ್ಯಾ? ಚಿಕ್ಕದು. ರೇಸಿನವರು ಹಾಕೋದು." ಗಂಡ ಎದೆಯುಬ್ಬಿಸಿ ಹೇಳುತ್ತ ಹೋದ. "ನೀನೇ ಹೇಳಿದ್ದೆಯಲ್ಲ, ನಮ್ಮ ಮೊದಲನೇ ಕಾರು ಬೆಂಕಿಕಡ್ಡಿ ಮೇಲೆ ಹತ್ತಿದ್ರೂ ಕೈಗೆ ಗೊತ್ತಾಗ್ತಿತ್ತು ಅಂತ. ಅವತ್ತೇ ತೀರ್ಮಾನ ಮಾಡಿದೆ."

ಹೇಳಿದ್ದು ನಿಜ. ಇದೇ ಬಳಗದ ಎದುರು, ಯಾರದೋ ಮನೆಯ ಊಟದಲ್ಲಿ ಹೇಳಿದ್ದಳು. ಆ ಮೊದಲ ಕಾರು ಪವರ್ ಸ್ಟೀರಿಂಗ್ ಇಲ್ಲದೆಯೇ ಹುಟ್ಟಿದ್ದು. ಅದರ ಸ್ಟೀರಿಂಗ್ ದೊಡ್ಡದು, ಟೈರು ಸಪೂರ, ನಿಧಾನವಾಗಿ ಸುತ್ತು ಹಾಕಿದರೆ ತಾನೇ ತಿರುಗುತ್ತಿತ್ತು. ಇದೋ, ಪಂಪಿನ ಬಲ ನಂಬಿಕೊಂಡು ಮಾಡಿದ ಕಾರು. ಪಂಪು ಕಿತ್ತು, ಮೇಲಿಂದ ತಟ್ಟೆಯಗಲದ ಸ್ಟೀರಿಂಗ್ ಸಿಕ್ಕಿಸಿದರೆ ಪೈಲ್ವಾನನೇ ಬರಬೇಕು. ಅದಿರಲಿ, ಅವಳು ಹೇಳಿದ್ದು ಬರೀ ಸ್ಟೀರಿಂಗಿನ ಮಾತೂ ಆಗಿರಲಿಲ್ಲ. ಆಗ ಇಬ್ಬರಿಗೂ ಇಪ್ಪತ್ತೈದರ ವಯಸ್ಸು, ಅವಳು ಓಡಿಸುವುದು, ಅವನು ಪಕ್ಕದಲ್ಲಿ ಮಂಡಿ ಮಡಚಿ ಕೂತು ಕಿತ್ತಳೆ ಸುಲಿದು ಒಂದೊಂದೇ ತೊಳೆ ಅವಳ ಬಾಯಿಗಿಡುವುದು. ಆ ದಿನಗಳ ಮಾತದು. ಅವನು ಅದರಲ್ಲಿ ಸ್ಟೀರಿಂಗನ್ನಷ್ಟೇ ಕೇಳಿಸಿಕೊಂಡಿದ್ದ.

ಪಾಪ, ಪ್ರೀತಿಯಿಂದಲೇ ಮಾಡಿದ್ದಾನೆ ಎಂದು ಒಂದು ಗಳಿಗೆ ಅನ್ನಿಸಿತು. ಬೈದು ಹೇಳಿದರೆ ಅರ್ಥವಾದೀತು, ವಾಪಸ್ಸು ಹಾಕಿಸಿದರಾಯಿತು. ಅಷ್ಟರಲ್ಲಿ ಉದ್ದಣ್ಣ ಶೆಡ್ಡಿನ ಬಾಗಿಲಲ್ಲಿ ತಲೆ ಬಗ್ಗಿಸಿ ಒಳಗೆ ಬಂದ.

"ಮೂರು ವಾರದಿಂದ ಬಾಯಿ ಹೊಲ್ಕೊಂಡಿದ್ವಿ ಅತ್ತಿಗೆ! ಗಾಡಿ ಮೇಲೆ ಕವರ್ ಎಳೆದಿಟ್ಟು, ನೀವು ಈ ಕಡೆ ಬಂದಾಗೆಲ್ಲ ನಮ್ಮ ಜೀವ ಬಾಯಿಗೆ ಬರ್ತಿತ್ತು."

"ಮೂರು ವಾರ?" ಎಂದಳು.

"ಹ್ಞೂಂ, ನಿಮ್ಮ ಕೈ ಜೋಳಿಗೆಯಲ್ಲಿರುವಾಗಲೇ."

ಡಾಕ್ಟರ ಹತ್ತಿರ ಹೋಗಿದ್ದು ಕಳೆದ ವಾರ. ಇಬ್ಬರೂ ಅಕ್ಕಪಕ್ಕದಲ್ಲೇ ಕೂತಿದ್ದರು. ಡಾಕ್ಟರು ಅವಳ ಕೈಯನ್ನು ಮೇಲೆತ್ತಿ, ಇಳಿಸಿ, ಕೊನೆಗೆ ಕೇಳಿದ್ದರು: "ನಿಮ್ಮ ಕಾರಿಗೆ ಪವರ್ ಸ್ಟೀರಿಂಗ್ ಇದೆ ತಾನೇ? ಇಲ್ಲದಿದ್ರೆ ಇನ್ನೂ ಮೂರು ತಿಂಗಳು ಅದರ ಹತ್ತಿರವೂ ಹೋಗಬೇಡಿ. ಹೊಲಿಗೆ ಕಿತ್ತರೆ ಮತ್ತೆ ಸರಿಮಾಡೋದು ನನ್ನ ಕೈಲಾಗಲ್ಲ." ಅವಳು ಬಾಯಿ ತೆರೆಯುವ ಮೊದಲೇ ಗಂಡ ಹೇಳಿದ್ದ: "ಇದೆ ಡಾಕ್ಟ್ರೇ. ಬೆಣ್ಣೆ ಥರ ತಿರುಗುತ್ತೆ."

ಆ ಮಾತು ಕೇಳಿ ಅವಳಿಗೆ ಗಂಡನ ಮೇಲೆ ಅಕ್ಕರೆ ಉಕ್ಕಿತ್ತು. ಮೂಗು ಮುರಿಯದೆ ಅವನು ಬೆಣ್ಣೆ ಅಂದದ್ದು ಅದೇ ಮೊದಲು. ದಾರಿಯುದ್ದಕ್ಕೂ ಅದನ್ನೇ ನೆನೆದು ನಕ್ಕಿದ್ದಳು.

"ರೀ," ಎಂದಳು ಈಗ. "ಡಾಕ್ಟರು ಕೇಳಿದಾಗ ಪಂಪು ಇಲ್ಲೇ ಇತ್ತಾ? ಈ ಮೇಜಿನ ಮೇಲೆ?"

"ಇತ್ತು."

"ಮತ್ತೆ ಇದೆ ಅಂದ್ರಲ್ಲ?"

"ಇನ್ನೇನನ್ಲಿ?" ಅವನಿಗೆ ನಿಜಕ್ಕೂ ಆಶ್ಚರ್ಯವಾಗಿತ್ತು. "ಇಲ್ಲ ಅಂದಿದ್ರೆ ಸರ್ಪ್ರೈಸು ಅಲ್ಲೇ ಹಾಳಾಗ್ತಿತ್ತಲ್ಲ!"

"ಹೊಲಿಗೆ ಕಿತ್ತುಬಂದಿದ್ರೆ?"

"ಬರಲಿಲ್ವಲ್ಲ. ಈಗ ನೀನೇ ಎಳೆದೆ, ಎಷ್ಟು ಚೆನ್ನಾಗಿ ಎಳೆದೆ. ವಿಡಿಯೋದಲ್ಲಿದೆ, ತೋರಿಸ್ಲಾ?" ಎಂದು ಅವನು ಫೋನು ತೆಗೆದ.

ಅವಳಿಗೆ ಹೇಸಿಗೆಯಾಯಿತು. ಸಿಟ್ಟು ಅವಳಿಗೆ ಹೊಸದಲ್ಲ; ಬರುತ್ತಿತ್ತು, ನಾಲ್ಕು ಮಾತು ಆಡಿಸಿ ಹೋಗುತ್ತಿತ್ತು. ಇದು ಹಾಗಲ್ಲ. ತುತ್ತಿನಲ್ಲಿ ಕೂದಲು ಸಿಕ್ಕಂತೆ, ನುಂಗುವುದಕ್ಕೂ ಆಗದೆ ನಾಲ್ಕು ಜನರ ಎದುರು ಉಗಿಯುವುದಕ್ಕೂ ಆಗದೆ ನಿಂತಳು. ಅವನು ಅದನ್ನು ಸಂತೋಷವೆಂದುಕೊಂಡನೋ ಏನೋ, ಎಣ್ಣೆ ಕೈಯಲ್ಲೇ ಹೆಗಲು ಬಳಸಿದ. ಆ ವಾಸನೆ ಅವಳ ಕುತ್ತಿಗೆಗೆ ಮೆತ್ತಿಕೊಂಡಿತು. ಈ ಮನುಷ್ಯನ ಪಕ್ಕದಲ್ಲಿ ನಿನ್ನೆಯವರೆಗೆ ಹೇಗೆ ಮಲಗಿದೆ ಎಂದು ಯೋಚಿಸಿ ಅವಳು ತೋಳು ಬಿಡಿಸಿಕೊಂಡಳು.

"ವಾಪಸ್ಸು ಹಾಕಿಸಿ."

"ಅದೆಲ್ಲ ಆಗಲ್ಲ ಕಣೇ, ಪೈಪು ಕತ್ತರಿಸಿದೀವಿ, ಒಳಗಿನ ಸೀಲೂ ತೆಗೆದಿದೀವಿ. ಎರಡು ತಿಂಗಳು ಓಡಿಸು. ಆಮೇಲೆ ನಾನೇ ಹಾಕಿಸ್ತೀನಿ ಅಂದ್ರೂ ನೀನೇ ಬೇಡ ಅಂತೀಯ."

"ಬೇಕಾದ್ರೆ ಬರೆದುಕೊಡ್ತೀನಿ ಅತ್ತಿಗೆ," ಎಂದ ಉದ್ದಣ್ಣ.

ಅವಳು ಮನೆಯೊಳಗೆ ಹೋದಳು. ಕುತ್ತಿಗೆಯನ್ನು ಸೋಪು ಹಾಕಿ ತೊಳೆದಳು, ವಾಸನೆ ಹೋಯಿತೆನ್ನಿಸದೆ ಮತ್ತೊಮ್ಮೆ ತೊಳೆದಳು. ಬಾಗಿಲ ಪಕ್ಕದ ಮೊಳೆಯಿಂದ ಗಂಡನ ದೊಡ್ಡ ಕಾರಿನ ಕೀ ತೆಗೆದುಕೊಂಡು ಹೊರಗೆ ಬಂದಳು.

"ನಾಳೆಯಿಂದ ನಾನು ಇದರಲ್ಲಿ ಹೋಗ್ತೀನಿ. ನೀವು ಅದರಲ್ಲಿ ಹೋಗಿ."

ಗಂಡ ನಕ್ಕ. ಅವಳು ನಗದಿದ್ದುದನ್ನು ನೋಡಿ ನಗು ನಿಲ್ಲಿಸಿದ. "ತಮಾಷೆ ಮಾಡ್ಬೇಡ. ನಮ್ಮ ಆಫೀಸಿನ ಬೇಸ್‌ಮೆಂಟ್ ನೋಡಿದೀಯಲ್ಲ. ಕಂಬದ ಸಂದಿಯಲ್ಲಿ ಹಿಂದೆ ಮುಂದೆ ಮಾಡಿ ಮಾಡಿ ನಿಲ್ಲಿಸಬೇಕು. ಭಾನುವಾರಕ್ಕೆ ಸರಿ, ದಿನಾ ಯಾರಿಗೆ ಆಗುತ್ತೆ ಆ ಕಸರತ್ತು..." ಅಲ್ಲಿಗೆ ಮಾತು ನಿಂತಿತು. ಟೋಪಿ ತನ್ನ ಟೀ ಲೋಟದೊಳಗೆ ಏನೋ ಹುಡುಕತೊಡಗಿದ. ಉದ್ದಣ್ಣನಿಗೆ ಆಕಾಶ ನೋಡುವ ಕೆಲಸ ಬಂತು.

"ಕೊಡೋ," ಎಂದರು ಅತ್ತೆ ಜಗಲಿಯಿಂದ. "ಸರ್ಪ್ರೈಸು ಅಂದ್ಕೋ."

ಅವಳು ದೊಡ್ಡ ಕಾರಿನಲ್ಲಿ ಕೂತು ಎಂಜಿನ್ ಚಾಲೂ ಮಾಡಿದಳು. ಎಲ್ಲಿಗೆ ಹೋಗುವುದೆಂದು ಗೊತ್ತಿರಲಿಲ್ಲ. ಈ ಅಂಗಳದಿಂದ ಆಚೆ ಹೋದರೆ ಸಾಕಿತ್ತು. ಆದರೆ ದಾರಿಗೆ ಅಡ್ಡಲಾಗಿ, ಗೇಟಿನ ಬಾಯಲ್ಲೇ, ಅವಳದೇ ಪುಟ್ಟ ಕಾರು ನಿಂತಿತ್ತು. ಅವಳು ಕಿಟಕಿ ಇಳಿಸಿ ಹೇಳಿದಳು: "ತೆಗೀರಿ ಅದನ್ನ."

ಗಂಡ ಗೊಣಗುತ್ತ ಹೋಗಿ ಅದರೊಳಗೆ ತೂರಿಕೊಂಡ. ಕಂಬಕ್ಕೂ ಕಾರಿಗೂ ನಡುವೆ ಮೊಳದಷ್ಟೂ ಜಾಗವಿಲ್ಲದ್ದರಿಂದ ನಿಂತಲ್ಲೇ ತಿರುಗಿಸದೆ ಅವನಿಗೂ ಗತಿಯಿರಲಿಲ್ಲ. ಎಳೆದ. ಚಕ್ರಗಳು ಜಲ್ಲಿಯ ಮೇಲೆ ಕರಕರ ಅಂದವು. ಮೊಣಕೈ ಮೇಲೆತ್ತಿ, ಸೀಟಿನಿಂದ ಅರ್ಧ ಎದ್ದು, ಮೈಭಾರವನ್ನೆಲ್ಲ ಹಾಕಿ ಜಗ್ಗಿದ. "ಎಳಿ, ಎಳಿ, ಇನ್ನೊಂಚೂರು!" ಎಂದು ಗಂಡಸರು ಸುತ್ತ ನಿಂತು ಕೂಗಿದರು. ಅವನ ಮುಖ ಕೆಂಪೇರಿತು, ಕುತ್ತಿಗೆಯ ನರ ಉಬ್ಬಿತು.

ಅವಳು ಹಾರ್ನು ಮಾಡಲಿಲ್ಲ. ಕಾದಳು. ಈಗಲಾದರೂ ಗೊತ್ತಾಗುತ್ತದೆ ಎಂದು ಅವನ ಮುಖವನ್ನೇ ನೋಡುತ್ತ ಕಾದಳು. ಒಂದು ಕ್ಷಣ ಕೈ ಬಿಟ್ಟು ತನ್ನ ಭುಜವನ್ನು ತಾನೇ ಒತ್ತಿಕೊಂಡ. ಅವಳು ಉಸಿರು ಹಿಡಿದಳು. ಅವನು ಮತ್ತೆ ಜಗ್ಗಿ, ಕಾರನ್ನು ಹೇಗೋ ಕಂಬದಿಂದ ಬಿಡಿಸಿ ಗೋಡೆಯ ಪಕ್ಕಕ್ಕೆ ಹಾಕಿದ. ದಾರಿ ಬಿಟ್ಟಿತು.

ಆಮೇಲೆ ಕಿಟಕಿಯಿಂದ ತಲೆ ಹೊರಗೆ ಹಾಕಿದ. ಮೂಗಿನ ತುದಿಯಿಂದ ಬೆವರು ತೊಟ್ಟಿಕ್ಕುತ್ತಿತ್ತು. ಮುಖವೆಲ್ಲ ಹಲ್ಲಾಗಿತ್ತು.

"ಗೊತ್ತಾಗ್ತಿದೆ ಕಣೇ!" ಎಂದು ಕೂಗಿದ. "ಕೆಳಗಿರೋ ಒಂದೊಂದು ಕಲ್ಲೂ ಕೈಗೆ ಗೊತ್ತಾಗ್ತಿದೆ!"

ಅವಳು ಕಿಟಕಿಯ ಗಾಜು ಏರಿಸಿದಳು. ಗೇಟಿನ ಬಳಿ, ಟೈರುಗಳು ನಿಂತಲ್ಲೇ ತಿರುಗಿದ ಜಾಗದಲ್ಲಿ ಜಲ್ಲಿ ಪಕ್ಕಕ್ಕೆ ಸರಿದು, ಕೆಳಗಿನ ಒದ್ದೆ ಮಣ್ಣು ಎರಡು ಕಡೆ ಬೋಳಾಗಿ ಕಾಣುತ್ತಿತ್ತು. ಅವಳು ಬ್ರೇಕು ಬಿಟ್ಟು, ಅದರ ಮೇಲೆ ಹಾಯ್ದು ರಸ್ತೆಗಿಳಿದಳು.