ದೊಡ್ಡಾಕಿ

ನೀಲಾವತಿ ಸಿರುಗುಪ್ಪದಲ್ಲಿ ಬಸ್ಸಿಳಿದು ಓಣಿಯ ತಿರುವಿಗೆ ಬರುವಷ್ಟರಲ್ಲಿ ಮೀನಾ ಓಡಿ ಬಂದು ಸೊಂಟಕ್ಕೆ ಜೋತುಬೀಳುವುದು ರೂಢಿ. ಬಳ್ಳಾರಿಯಿಂದ ಅತ್ತೆ ಬರುತ್ತಾಳೆಂದರೆ ಆ ಹುಡುಗಿ ಊಟ ಬಿಟ್ಟು ಅಲ್ಲಿ ಕಾಯುತ್ತಿದ್ದಳು. ಈ ಸಲ ತಿರುವಿನಲ್ಲಿ ಯಾರೂ ಇರಲಿಲ್ಲ. ಮೀನಾ ಮನೆ ಮುಂದಿನ ಕಟ್ಟೆಯ ಮೇಲೆ ಕುಳಿತಿದ್ದಳು. ಅತ್ತೆಯನ್ನು ಒಮ್ಮೆ ನೋಡಿ, ಮತ್ತೆ ತನ್ನ ಕಾಲ್ಬೆರಳುಗಳನ್ನು ನೋಡುತ್ತ ಕುಳಿತಳು. ಅವಳ ಒಂದು ಜಡೆ ನೆಟ್ಟಗಿತ್ತು, ಇನ್ನೊಂದು ಅರ್ಧ ಬಿಚ್ಚಿ ಹೆಗಲ ಮೇಲೆ ಹರಡಿತ್ತು.

"ಯಾಕವ್ವಾ, ಅತ್ತಿ ಬಂದ್ರ ಮಾತಾಡ್ಸಂಗಿಲ್ಲೇನು?"

"ಕೂಸು ಒಳಗೈತಿ," ಎಂದಳು ಮೀನಾ. "ಎಲ್ಲಾರೂ ಕೂಸು ನೋಡಾಕ ಬರ್ತಾರ."

ನೀಲಾವತಿ ಚೀಲವನ್ನು ಕಟ್ಟೆಯ ಮೇಲಿಟ್ಟಳು. ಅಷ್ಟರಲ್ಲಿ ಒಳಗಿನಿಂದ ಅವ್ವನ ದನಿ ಬಂತು: "ಕಾಲು ತೊಳಕೊಂಡು ಬಾ ನೀಲಾ, ಹಂಗಽ ಬರಬ್ಯಾಡ!"

ಬಳ್ಳಾರಿಯ ಜೀನ್ಸ್ ಕಾರ್ಖಾನೆಯೊಂದರಲ್ಲಿ ಹೊಲಿಗೆ ಕೆಲಸ ಮಾಡುತ್ತಿದ್ದ ನೀಲಾವತಿ, ತಮ್ಮ ರಾಮಾಂಜಿನಿಯ ಮಗನಿಗೆ ಹೆಸರಿಡುವುದಕ್ಕೆಂದು ರಜೆ ಹಾಕಿ ಬಂದಿದ್ದಳು. ಸೋದರತ್ತೆಯೇ ಕೂಸಿನ ಕಿವಿಯಲ್ಲಿ ಹೆಸರು ಹೇಳಬೇಕಲ್ಲ. ಅವನು ಊರಿನ ರೈಸ್ ಮಿಲ್ಲಿನಲ್ಲಿ ಲಾರಿ ಓಡಿಸುತ್ತಿದ್ದ. ಅವನ ಹೆಂಡತಿ ಜ್ಯೋತಿಯ ಮೊದಲ ಬಾಣಂತನ ತವರೂರು ತೆಕ್ಕಲಕೋಟೆಯಲ್ಲಿ ಆಗಿತ್ತು. ಈ ಎರಡನೆಯದನ್ನು ಅವ್ವ ಪಾರಮ್ಮ ತಾನೇ ಮಾಡುತ್ತೇನೆಂದು ಹಟ ಹಿಡಿದು ಇಲ್ಲಿಯೇ ಇರಿಸಿಕೊಂಡಿದ್ದಳು. ಮೀನಾ ಆಗ ಒಂದನೆಯ ಇಯತ್ತೆ.

ಆ ಸಂಜೆಯೆಲ್ಲ ನೀಲಾವತಿ ಮೀನಾಳ ಮೇಲೆ ಕಣ್ಣಿಟ್ಟಳು. ಹುಡುಗಿ ಬಾಣಂತಿ ಕೋಣೆಯ ಬಾಗಿಲಿಗೆ ಹೋದರೆ ಪಾರಮ್ಮ, "ನಿನಗ ನೆಗಡಿ ಐತಿ, ಹತ್ರ ಹೋಗಬ್ಯಾಡ," ಎನ್ನುತ್ತಿದ್ದಳು. ತಟ್ಟೆ ಬಿದ್ದು ಸದ್ದಾದರೆ, "ಕೂಸು ಮಲಗೈತಿ." ನೋಡಲು ಬಂದ ಓಣಿಯ ಹೆಂಗಸರು ಒಬ್ಬರ ಹಿಂದೊಬ್ಬರು ಮೀನಾಳ ಗಲ್ಲ ಹಿಂಡಿ, "ಇನ್ನೇನು, ದೊಡ್ಡಾಕಿ ಆದಿ ನೀನು! ತಮ್ಮನ್ನ ನೀನಽ ನೋಡ್ಕೋಬೇಕು," ಎಂದರು. ಆ ಮಾತು ಬಂದಾಗಲೆಲ್ಲ ಹುಡುಗಿಯ ಮುಖ ಇನ್ನಷ್ಟು ಸಣ್ಣದಾಗುತ್ತಿತ್ತು.

ನೀಲಾವತಿಗೆ ಆ ಮುಖ ಗೊತ್ತಿತ್ತು. ರಾಮಾಂಜಿನಿ ಹುಟ್ಟಿದಾಗ ಅವಳಿಗೂ ಹೆಚ್ಚುಕಡಿಮೆ ಇಷ್ಟೇ ವಯಸ್ಸು. ಹೆರಿಗೆ ಹತ್ತಿರ ಬಂತೆಂದು ಅವಳನ್ನು ಕುರುಗೋಡಿನ ಚಿಕ್ಕಮ್ಮನ ಮನೆಗೆ ಕಳಿಸಿದ್ದರು. ಚಿಕ್ಕಮ್ಮ ಒಳ್ಳೆಯವಳೇ. ಸಂಜೆ ಒಗ್ಗರಣೆ ಮಂಡಕ್ಕಿಗೆ ಮೆಣಸಿನಕಾಯಿ ಬಜ್ಜಿ ಇಟ್ಟುಕೊಡುತ್ತಿದ್ದಳು, ಗುಡ್ಡದ ಬಂಡೆಗಳ ಮೇಲೆ ಆಡಲು ಬಿಡುತ್ತಿದ್ದಳು. ಆದರೂ ನೀಲಾವತಿ ಆ ಬಂಡೆಗಳ ಮೇಲೆ ಹತ್ತಿ ಸಿರುಗುಪ್ಪ ಕಾಣುತ್ತದೆಯೇ ಎಂದು ನೋಡುತ್ತಿದ್ದಳು. ಕಾಣುತ್ತಿದ್ದುದು ದೂರದವರೆಗೆ ಹಬ್ಬಿದ ಗದ್ದೆಯ ಹಸಿರು ಮಾತ್ರ. ಕೊನೆಗೆ ಅಪ್ಪ ಬಂದು ಕರೆದುಕೊಂಡು ಹೋದಾಗ, ಅವ್ವನ ಮಗ್ಗುಲಲ್ಲಿ ತಾನು ಮಲಗುತ್ತಿದ್ದ ಜಾಗದಲ್ಲಿ ಕೆಂಪಗಿನ ಕೂಸೊಂದು ಮಲಗಿತ್ತು.

ಅಪ್ಪನ ತಾಯಿ ಗಾದೆಮ್ಮಜ್ಜಿ ಆಗ ಮನೆಯ ಯಜಮಾನಿ. ಹಿತ್ತಲಲ್ಲಿ ಭತ್ತದ ಹೊಟ್ಟಿನ ಉರಿ ಹಾಕಿ ಹಂಡೆ ನೀರು ಕಾಯಿಸುವಳು. ಬಚ್ಚಲಲ್ಲಿ ಕಾಲು ನೀಡಿ ಕುಳಿತು, ಕಾಲ ಮೇಲೆ ಕೂಸನ್ನು ಬೋರಲು ಮಲಗಿಸಿ ಎಣ್ಣೆ ತಿಕ್ಕಿ ಎರೆಯುವಳು. ನೀಲಾವತಿ ದಿನಾ ಬಚ್ಚಲ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಒಂದು ದಿನ ಅಜ್ಜಿ ಕೂಸನ್ನು ಒಳಗೆ ಕೊಟ್ಟು ಬಂದು, "ಬಾರಲೇ ನೀನೂ," ಎಂದು ಅವಳ ಕೈ ಹಿಡಿದೆಳೆದು ತನ್ನ ಕಾಲ ಮೇಲೆ ಮಲಗಿಸಿಕೊಂಡುಬಿಟ್ಟಳು. ಅವಳ ಕಾಲು ಅಜ್ಜಿಯ ಪಾದ ದಾಟಿ ಬಚ್ಚಲ ಕಲ್ಲಿಗೆ ಬಡಿಯುತ್ತಿದ್ದವು. ನೆತ್ತಿಗೆ ಹರಳೆಣ್ಣೆ, ಬೆನ್ನಿಗೆ ಸುಡುಸುಡು ನೀರು, ಆಮೇಲೆ ಸಾಂಬ್ರಾಣಿ ಹೊಗೆ. ಹಳೆಯ ಸೀರೆಯಲ್ಲಿ ಸುತ್ತಿ ಅಜ್ಜಿ ಅವಳನ್ನು ಕೂಸಿನ ಪಕ್ಕದಲ್ಲೇ ಮಲಗಿಸಿದಳು. ಅಂಥ ನಿದ್ದೆ ನೀಲಾವತಿಗೆ ಮತ್ತೆಂದೂ ಬಂದಿಲ್ಲ. ಮನೆಯಲ್ಲಿ ತನ್ನ ಮನಸ್ಸು ಅರಿತವಳು ಅಜ್ಜಿಯೊಬ್ಬಳೇ ಎಂದು ಅವಳು ಅಂದಿನಿಂದ ನಂಬಿದ್ದಳು. ಗಾದೆಮ್ಮಜ್ಜಿ ತೀರಿಕೊಂಡಾಗ ಎಲ್ಲರಿಗಿಂತ ಹೆಚ್ಚು ಅತ್ತವಳೂ ಅವಳೇ.

ಮೀನಾಳಿಗೂ ಹಾಗೇ ಮಾಡಿದರಾಯಿತು ಎಂದು ನೀಲಾವತಿ ತೀರ್ಮಾನಿಸಿದಳು.

ಮರುದಿನ ಬೆಳಿಗ್ಗೆ ಪಾರಮ್ಮ ಕೂಸಿಗೆ ಎರೆದು ಎದ್ದ ಕೂಡಲೇ ನೀಲಾವತಿ ಸೀರೆ ಮೇಲೆ ಕಟ್ಟಿ ಬಚ್ಚಲಲ್ಲಿ ಕಾಲು ನೀಡಿ ಕುಳಿತಳು. "ಬಾ ಮೀನಾ, ನಿನಗೂ ಹಿಂಗಽ ಎರೀತೀನಿ."

ಮೀನಾ ಬಾಗಿಲಲ್ಲಿ ಬೆಪ್ಪಾಗಿ ನಿಂತಳು. "ನಾನೇನು ಕೂಸಾ?"

"ಅಲ್ಲವ್ವಾ, ಸುಮ್ನ..."

"ನನಗ ಬ್ಯಾಡ! ನಾನು ಸಾಲಿಗೆ ಹೋಗ್ತೀನಿ, ನನಗ ಜಳಕ ಮಾಡಾಕ ಬರ್ತೈತಿ!"

ಹಾಲು ಕೊಡಲು ಬಂದಿದ್ದ ಎರ್ರೆಪ್ಪ ಅಂಗಳದಲ್ಲಿ ನಿಂತು ಗಟ್ಟಿಯಾಗಿ ನಕ್ಕ. ಪಾರಮ್ಮನೂ ನಕ್ಕಳು. ಹುಡುಗಿಯ ಕಣ್ಣು ತುಂಬಿ ಬಂದವು. ಅವಳು ಕೈಯಲ್ಲಿದ್ದ ಚೊಂಬನ್ನು ಅಲ್ಲೇ ಎಸೆದು ಹೊರಗೆ ಓಡಿದಳು. ನೀಲಾವತಿ ಒದ್ದೆ ಕಲ್ಲಿನ ಮೇಲೆ ಕಾಲು ನೀಡಿಕೊಂಡು ಹಾಗೇ ಕುಳಿತಿದ್ದಳು. ತನಗೆ ಜೀವ ತಂದಿದ್ದ ಮದ್ದು ಈ ಹುಡುಗಿಗೆ ಅವಮಾನವಾಗಿತ್ತು.

ಮಧ್ಯಾಹ್ನ ಶನಿವಾರದ ಸಾಲೆ ಮುಗಿಸಿ ಬಂದ ಮೀನಾ ಸ್ವಲ್ಪ ಹೊತ್ತಿಗೆ ಮತ್ತೆ ಚೀಲ ಹೆಗಲಿಗೇರಿಸಿ ಅತ್ತೆಯ ಮುಂದೆ ಬಂದು ನಿಂತಳು. ಚೀಲದಲ್ಲಿ ಈಗ ಪುಸ್ತಕ ಇರಲಿಲ್ಲ, ಎರಡು ಲಂಗ ಮತ್ತು ಒಂದು ಬಾಚಣಿಗೆ ಇದ್ದವು.

"ಅತ್ತಿ, ನಾನು ನಿನ್ನ ಜೊತಿ ಬಳ್ಳಾರಿಗೆ ಬರ್ತೀನಿ. ಅಲ್ಲೇ ಇರ್ತೀನಿ."

ನೀಲಾವತಿಗೆ ಕುರುಗೋಡಿನ ಬಂಡೆ ನೆನಪಾಯಿತು. ತನ್ನನ್ನು ಬೇರೆಯವರು ಕಳಿಸಿದ್ದರು. ಈಕೆ ತಾನಾಗಿಯೇ ಹೊರಟು ನಿಂತಿದ್ದಳು. ನೀಲಾವತಿ ಬುದ್ಧಿ ಹೇಳಲು ಹೋಗಲಿಲ್ಲ. ಪಕ್ಕದಲ್ಲಿ ಕೂರಿಸಿಕೊಂಡು, "ಬರ್ವಂತಿ. ಆದ್ರ ಬಾಚಣಿಕಿ ಯಾಕ ತಗೊಂಡೀ? ನಮ್ಮ ಮನ್ಯಾಗ ಇಲ್ಲೇನು?" ಎಂದಳು.

"ನೀನು ಜಡಿ ಹಾಕ್ತೀಯಲ್ಲ, ಅದಕ್ಕ. ಅಪ್ಪ ಹಾಕಿದ್ರ ಬಿಚ್ಚಿ ಹೋಗ್ತೈತಿ. ಅಜ್ಜಿ ಬಾಳ ಜಗ್ತಾಳ."

"ಮೊದಲು ಯಾರು ಹಾಕ್ತಿದ್ರು?"

ಮೀನಾ ಬಾಚಣಿಗೆಯ ಹಲ್ಲುಗಳ ಮೇಲೆ ಬೆರಳಾಡಿಸಿದಳು. ಆಮೇಲೆ, "ಅಮ್ಮ," ಎಂದಳು. "ಜಡಿ ಹಾಕ್ತಾ ಸಾಲ್ಯಾಗ ಏನಾತು ಅಂತ ಕೇಳ್ತಿದ್ಲು. ಈಗ ಯಾರೂ ಕೇಳಂಗಿಲ್ಲ."

ನೀಲಾವತಿ ಎದ್ದು ಅಡುಗೆಮನೆಗೆ ಹೋದಳು. ಪಾರಮ್ಮ ಬಾಣಂತಿಗೆ ಅಂಟಿನುಂಡೆ ಕಟ್ಟುತ್ತಿದ್ದಳು.

"ಅವ್ವಾ, ಕೂಸನ್ನ ಸ್ವಲ್ಪ ಹೊತ್ತು ನೀನು ತಗೋ. ಜ್ಯೋತಿ ಮೀನಾಗ ಜಡಿ ಹಾಕ್ಲಿ."

"ಬಾಣಂತಿ ಎದ್ದು ಕೂತು ಜಡಿ ಹಾಕ್ತಾಳಾ? ನಡಾ ನೋಯ್ತೈತಿ. ಹುಡುಗಿಗೆ ನೆಗಡಿ ಬೇರೆ. ನೀನು ಹಾಕು."

"ನಾನು ಹಾಕಿದ್ರ ಆಗಂಗಿಲ್ಲವ್ವಾ," ಎಂದಳು ನೀಲಾವತಿ. ದನಿ ಅವಳಿಗೇ ತಿಳಿಯದಂತೆ ಏರಿತು. "ನನ್ನ ಕುರುಗೋಡಿಗೆ ಕಳಿಸಿದ್ಯಲ್ಲ, ಬಂದ ಮ್ಯಾಲೂ ನೀ ನನ್ನ ಮುಟ್ಲಿಲ್ಲ. ಅಜ್ಜಿ ಇದ್ಲು ಅಂತ ನಾನು ಬದುಕಿದೆ. ಆಕಿನಽ ನನ್ನ ಕರದು ಕಾಲ ಮ್ಯಾಲೆ ಹಾಕ್ಕೊಂಡು ಎರದ್ಲು. ನಿನಗ ನೆನಪೂ ಇರಲಿಕ್ಕಿಲ್ಲ."

ಪಾರಮ್ಮನ ಕೈ ಉಂಡೆಯ ಮೇಲೆಯೇ ನಿಂತಿತು.

"ನೆನಪಿಲ್ಲೇನು," ಎಂದಳು ಮೆಲ್ಲಗೆ. "ನಾನಽ ಹೇಳಿದ್ದು ಅದನ್ನ."

"ಏನು?"

"ನಿನ್ನ ಕಳಿಸಿದ್ದು ನಿಮ್ಮಜ್ಜಿ. ಬಂದ ಮ್ಯಾಲೆ ಹತ್ರ ಬಿಡದಿದ್ದೂ ಆಕಿನಽ. ನಂಜು ಆಗ್ತೈತಿ, ಕೂಸಿಗೆ ಸೋಂಕ್ತೈತಿ ಅಂತ. ನೀನು ದಿನಾ ಬಚ್ಚಲ ಬಾಗ್ಲಾಗ ನಿಲ್ಲೋದು ನನಗ ಕೋಣ್ಯಾಗಿಂದ ಕಾಣ್ತಿತ್ತು. ಎದ್ದು ಬರಂಗಿಲ್ಲ, ಎದುರು ಮಾತಾಡಂಗಿಲ್ಲ. ದಿನಾ ಅಂಗಲಾಚಿದೆ, ಅತ್ತಿ, ಆ ಹುಡುಗಿಗೂ ಒಂದಿನ ಹಂಗಽ ಎರೀರಿ ಅಂತ. ಕಡೀಗೆ ಬೇಸತ್ತು ಹೂಂ ಅಂದ್ಲು."

"ಇಷ್ಟು ವರ್ಷ ಯಾಕ ಹೇಳ್ಲಿಲ್ಲ?"

"ಅಜ್ಜಿ ಅಂದ್ರ ನೀ ಜೀವ ಬಿಡ್ತಿದ್ದಿ. ಅದನ್ನ್ಯಾಕ ಕೆಡಿಸ್ಲಿ?"

ಅಂದು ತನ್ನನ್ನು ಕೂಸಿನ ಪಕ್ಕ ಮಲಗಿಸಿದಾಗ ಆಚೆ ಮಗ್ಗುಲಲ್ಲಿ ಅವ್ವ ಇದ್ದಳಲ್ಲ, ಎಚ್ಚರವಾಗಿಯೇ ಇದ್ದಿರಬೇಕಲ್ಲ ಎಂಬುದು ನೀಲಾವತಿಗೆ ಈಗ ಹೊಳೆಯಿತು. ಒಲೆಯ ಮೇಲಿನ ತುಪ್ಪ ಕರಿದಾಗುತ್ತಿರುವುದನ್ನು ಇಬ್ಬರೂ ನೋಡಲಿಲ್ಲ.

ಮೊದಲು ಎದ್ದವಳು ಪಾರಮ್ಮ. ಒಲೆ ಆರಿಸಿ, ಸೆರಗಿಗೆ ಕೈ ಒರೆಸಿಕೊಂಡು ಬಾಣಂತಿ ಕೋಣೆಗೆ ಹೋದಳು. ಕೂಸನ್ನು ಎತ್ತಿ ಎದೆಗೆ ಹಾಕಿಕೊಂಡಳು. "ಜ್ಯೋತಿ, ಗ್ವಾಡಿಗೆ ದಿಂಬು ಕೊಟ್ಟು ಒರಗಿ ಕೂಡು. ಮೀನಾ, ಬಾ ಇಲ್ಲಿ. ನಿಮ್ಮಮ್ಮ ಜಡಿ ಹಾಕ್ತಾಳಂತ."

"ನನಗ ನೆಗಡಿ ಐತಿ," ಎಂದಳು ಮೀನಾ ಹೊಸ್ತಿಲಾಚೆಯಿಂದ.

"ಇರ್ಲಿ ಬಾ. ಕೂಸು ನನ್ನ ಹತ್ರ ಇರ್ತೈತಿ."

ಜ್ಯೋತಿ ಅತ್ತೆಯ ಮುಖವನ್ನೂ ನೀಲಾವತಿಯ ಮುಖವನ್ನೂ ನೋಡಿದಳು. ಆಮೇಲೆ ಮಗಳತ್ತ ಎರಡೂ ಕೈ ಚಾಚಿದಳು. ಪಾರಮ್ಮ ಹೊರಗೆ ಬಂದು ಬಾಗಿಲು ಮುಂದಕ್ಕೆ ಎಳೆದಳು.

ಪಡಸಾಲೆಯಲ್ಲಿ ಪಾರಮ್ಮ, ನೀಲಾವತಿ ಇಬ್ಬರೂ ಕೂಸನ್ನು ನಡುವೆ ಇಟ್ಟುಕೊಂಡು ಕುಳಿತರು. ಒಳಗಿನಿಂದ ಮೊದಲು ಬಿಕ್ಕುವ ಸದ್ದು, ಆಮೇಲೆ ಜ್ಯೋತಿಯ ಮೆಲುದನಿ. ಬಹಳ ಹೊತ್ತಾದ ಮೇಲೆ ಮೀನಾಳ ಮಾತು ಶುರುವಾಯಿತು. ಯಾರೋ ಸುಂಕಪ್ಪ ಎಂಬ ಹುಡುಗ ಇವಳ ಸೀಸಕಡ್ಡಿ ಮುರಿದದ್ದು, ಮೇಷ್ಟ್ರು ಅವನನ್ನು ಮೂಲೆಯಲ್ಲಿ ನಿಲ್ಲಿಸಿದ್ದು, ಮಗ್ಗಿ ಇವಳೊಬ್ಬಳೇ ತಪ್ಪಿಲ್ಲದೆ ಹೇಳಿದ್ದು. ಒಂದಿಷ್ಟು ದಿನದ ಸುದ್ದಿಯೆಲ್ಲ ಒಟ್ಟಿಗೆ ಹೊರಬಂತು. ಜಡೆ ಯಾವಾಗಲೋ ಮುಗಿದಿರಬೇಕು, ಮಾತು ಮುಗಿಯಲಿಲ್ಲ.

ಕೂಸು ಎದ್ದು ಅಳತೊಡಗಿತು. ಪಾರಮ್ಮ ತಟ್ಟಿದಳು, ತೂಗಿದಳು, ಬಾಗಿಲು ಮಾತ್ರ ತೆಗೆಯಲಿಲ್ಲ. ಅಳು ಜೋರಾದಾಗ ಬಾಗಿಲು ಒಳಗಿನಿಂದಲೇ ತೆರೆಯಿತು. ಎರಡೂ ಜಡೆ ಕಿವಿಯ ಮೇಲೆ ಮಡಿಚಿ ರಿಬ್ಬನ್ ಕಟ್ಟಿಸಿಕೊಂಡ ಮೀನಾ ನಿಂತಿದ್ದಳು.

"ಅಜ್ಜೀ, ಅವಗ ಹಸಿವಾಗೈತಿ, ತಿಳಿಯಂಗಿಲ್ಲೇನು ನಿನಗ? ಅಮ್ಮಗ ಕೊಡು," ಎಂದು ಗದರಿಸಿದಳು.

ಅಂದಿನಿಂದ ದಿನಾ ಮಧ್ಯಾಹ್ನ ಕೂಸು ಅಜ್ಜಿಯ ಬಳಿ, ಜ್ಯೋತಿ ಮೀನಾಳ ಪಾಲಿಗೆ ಎಂದು ಪಾರಮ್ಮನೇ ಕಟ್ಟಳೆ ಮಾಡಿದಳು. ಹುಡುಗಿಯನ್ನು ದೊಡ್ಡಾಕಿ ಎನ್ನಲು ಬಂದ ಓಣಿಯವರ ಬಾಯನ್ನೂ ಅವಳೇ ಮುಚ್ಚಿಸಿದಳು.

ಭಾನುವಾರ ತೊಟ್ಟಿಲ ಕಾರ್ಯ ಆಯಿತು. ನೀಲಾವತಿ ಬಗ್ಗಿ ಕೂಸಿನ ಕಿವಿಯಲ್ಲಿ "ಎರ್ರಿಸ್ವಾಮಿ, ಕುರ್‌ರ್‌ರ್" ಎಂದಾಗ ಹೆಂಗಸರೆಲ್ಲ ಪದ್ಧತಿಯಂತೆ ಅವಳ ಬೆನ್ನಿಗೆ ಗುದ್ದಿದರು. ಎಲ್ಲರಿಗಿಂತ ಜೋರಾಗಿ ಗುದ್ದಿದವಳು ಮೀನಾ. ನೀಲಾವತಿ ಬೆನ್ನು ಹಿಡಿದುಕೊಂಡು ನಕ್ಕಳು.

ಸಂಜೆ ಹೊರಟಾಗ ಮೀನಾ ಬೀಳ್ಕೊಡಲು ಬರಲೇ ಇಲ್ಲ. ಗೆಳತಿಯರಿಗೆ ತೊಟ್ಟಿಲು ತೋರಿಸುವುದರಲ್ಲಿ ಮುಳುಗಿದ್ದಳು. ನೀಲಾವತಿಗೆ ಒಂದು ಗಳಿಗೆ ಚುರುಕ್ಕೆಂದಿತು. ಬಸ್‌ ಸ್ಟ್ಯಾಂಡಿಗೆ ಬಂದವಳು ಪಾರಮ್ಮ. ಮೊಣಕಾಲು ನೋವೆಂದು ಎಷ್ಟೋ ಕಾಲದಿಂದ ಓಣಿ ದಾಟದವಳು, ಮಗಳ ಚೀಲದ ಒಂದು ಕಿವಿ ಹಿಡಿದು ನಿಧಾನಕ್ಕೆ ನಡೆದಳು.

"ಕುರುಗೋಡಿನ್ಯಾಗ ಬಾಳ ಅತ್ತಿದ್ಯಾ ನೀಲಾ?" ಎಂದು ಕೇಳಿದಳು ಅರ್ಧ ದಾರಿಯಲ್ಲಿ.

"ಹೂಂ ಅವ್ವಾ. ಬಾಳ."

"ಹೇಳು," ಎಂದಳು ಪಾರಮ್ಮ.

ಅವರು ಸ್ಟ್ಯಾಂಡು ಮುಟ್ಟುವಷ್ಟರಲ್ಲಿ ಬಳ್ಳಾರಿ ಬಸ್ಸೊಂದು ಬಂದು ನಿಂತಿತು. ನೀಲಾವತಿ ಅದನ್ನು ಹೋಗಗೊಟ್ಟು, ಅವ್ವನ ಪಕ್ಕದಲ್ಲಿ ಕಲ್ಲುಬೆಂಚಿನ ಮೇಲೆ ಕುಳಿತು ಹೇಳತೊಡಗಿದಳು.